ಮೊದಲು ಆಸ್ಪತ್ರೆ, ಆಮೇಲೆ ಠಾಣೆ: ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಕರ್ನಾಟಕದಲ್ಲಿ ಸಿಗುವ ಸೇವೆಗಳು ಹೇಗಿವೆ?

ಇಂಥದ್ದೊಂದು ನಡೆದಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಕಂಪ್ಲೇಂಟ್ ಕೊಡುವುದೋ ಬೇಡವೋ ಎಂಬುದು. ದೊಡ್ಡಪ್ಪನನ್ನು ಕೇಳಬೇಕು, ಊರಿನವರಿಗೆ ಗೊತ್ತಾದರೆ ಏನು ಗತಿ ಎನ್ನುತ್ತಲೇ ಎರಡು ಮೂರು ದಿನ ಕಳೆದುಹೋಗುತ್ತದೆ. ಕಂಪ್ಲೇಂಟಿಗೆ ಅಷ್ಟು ಕಾಯುವ ಶಕ್ತಿ ಇದೆ, ಮೈಗೆ ಇಲ್ಲ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆ ತಡವಾದಷ್ಟೂ ಕೆಲಸ ಮಾಡುವುದು ಕಡಿಮೆ. ಮೈಮೇಲಿನ ಸಾಕ್ಷ್ಯವನ್ನು ಸಾಮಾನ್ಯವಾಗಿ 96 ಗಂಟೆಯವರೆಗೆ ಸಂಗ್ರಹಿಸುತ್ತಾರೆ. ಆದ್ದರಿಂದ ಈ ವಿಮರ್ಶೆಯನ್ನು ಆಸ್ಪತ್ರೆಯಿಂದಲೇ ಶುರು ಮಾಡುತ್ತಿದ್ದೇವೆ. ಓದುತ್ತಿರುವವರು ನೊಂದವರೇ ಇರಬಹುದು, ಅವರ ಜೊತೆ ಹೋಗಲಿರುವ ಅಕ್ಕ, ಅಮ್ಮ, ಗೆಳತಿ ಇರಬಹುದು. ಹೆಚ್ಚಿನ ವಿವರ ಜೊತೆಗೆ ಹೋಗುವವರಿಗಾಗಿ, ಏಕೆಂದರೆ ಆ ಹೊತ್ತಿನಲ್ಲಿ ಪ್ರಶ್ನೆ ಕೇಳುವ ಬಾಯಿ ಅವರದ್ದೇ ಆಗಿರುತ್ತದೆ.

ಜಿಲ್ಲಾ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ನೇರವಾಗಿ ಹೋಗಿ. ಓಪಿಡಿ ಚೀಟಿಯ ಸಾಲಿನಲ್ಲಿ ನಿಲ್ಲಬೇಡಿ. ಹತ್ತಿರದಲ್ಲಿ ಖಾಸಗಿ ಆಸ್ಪತ್ರೆ ಮಾತ್ರ ಇದ್ದರೆ ಅಲ್ಲಿಗೂ ಹೋಗಬಹುದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು. “ಮೊದಲು ಠಾಣೆಗೆ ಹೋಗಿ ಎಫ್‌ಐಆರ್ ತನ್ನಿ” ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ತಪ್ಪು. ಪರೀಕ್ಷೆಗೆ ಎಫ್‌ಐಆರ್ ಬೇಕಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಸ್ಪಷ್ಟವಾಗಿ ಬರೆದಿದೆ. ಜಗಳಕ್ಕೆ ಇಳಿಯದೆ, ಕರ್ತವ್ಯದಲ್ಲಿರುವ ವೈದ್ಯಾಧಿಕಾರಿಯನ್ನು ಕರೆಸಿ ಆ ಮಾರ್ಗಸೂಚಿಯ ಹೆಸರು ಹೇಳಿ.

ಹೋಗುವ ಮುನ್ನ ಸ್ನಾನ ಮಾಡದಿದ್ದರೆ, ಬಟ್ಟೆ ಬದಲಿಸದಿದ್ದರೆ ಒಳ್ಳೆಯದು. ಮಾಡಿಬಿಟ್ಟಿದ್ದರೂ ಹೋಗಿ, ಬಟ್ಟೆಯ ಮೇಲೆ, ಉಗುರಿನಲ್ಲಿ, ಗಾಯದಲ್ಲಿ ಸಾಕ್ಷ್ಯ ಉಳಿದಿರುತ್ತದೆ. ಆಗ ತೊಟ್ಟಿದ್ದ ಬಟ್ಟೆಗಳನ್ನು ಒಗೆಯದೆ, ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲೋ ಹಳೆಯ ದಿನಪತ್ರಿಕೆಯಲ್ಲೋ ಸುತ್ತಿಕೊಳ್ಳಿ. ಪ್ಲಾಸ್ಟಿಕ್ ಕವರ್ ಬೇಡ, ತೇವ ಹೊರಗೆ ಹೋಗಲಾರದೆ ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ಒದ್ದೆಯಾಗಿದ್ದರೆ ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಹಾಕಬೇಡಿ. ಕುಡಿಯುವುದರಲ್ಲಿ ಏನಾದರೂ ಬೆರೆಸಿದ್ದರು ಎಂಬ ಅನುಮಾನವಿದ್ದರೆ ಒಳಗೆ ಕಾಲಿಟ್ಟ ಕೂಡಲೇ ಹೇಳಿ, ರಕ್ತ ಮತ್ತು ಮೂತ್ರದಲ್ಲಿ ಆ ಔಷಧದ ಗುರುತು ಬೇಗ ಅಳಿದುಹೋಗುತ್ತದೆ.

ಪರೀಕ್ಷೆಗೆ ಒಪ್ಪಿಗೆ ಬೇಕು, ಮತ್ತು ಆ ಒಪ್ಪಿಗೆ ಬಿಡಿಬಿಡಿಯಾದದ್ದು. ಚಿಕಿತ್ಸೆಗೆ ಹೂಂ ಎಂದು ಒಳಭಾಗದ ಪರೀಕ್ಷೆಗೆ ಬೇಡ ಎನ್ನಬಹುದು. ಸಾಕ್ಷ್ಯ ಸಂಗ್ರಹಕ್ಕೆ ಒಪ್ಪಿ, ಪೊಲೀಸ್ ದೂರು ಸದ್ಯಕ್ಕೆ ಬೇಡ ಎನ್ನಬಹುದು. ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ, ಆದರೆ ದೂರು ಬೇಡವೆಂಬ ಆಕೆಯ ಮಾತನ್ನು ವೈದ್ಯರು ಎಂಎಲ್‌ಸಿಯಲ್ಲಿ, ಅಂದರೆ ಆಸ್ಪತ್ರೆಯ ವೈದ್ಯಕೀಯ-ಕಾನೂನು ದಾಖಲೆಯಲ್ಲಿ, ಬರೆದುಕೊಳ್ಳಬೇಕು. ಹದಿನೆಂಟು ತುಂಬದವರ ವಿಷಯದಲ್ಲಿ ಈ ಆಯ್ಕೆ ಇಲ್ಲ: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಗೊತ್ತಾದ ಯಾರೇ ಆದರೂ ತಿಳಿಸಲೇಬೇಕು. ಯೋನಿಯೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ಯನ್ನು ಯಾರೂ ಮಾಡುವಂತಿಲ್ಲ. ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿದೆ.

ಆಸ್ಪತ್ರೆ ಬಿಡುವ ಮುನ್ನ ಕೈಯಲ್ಲಿ ಏನಿರಬೇಕು? ತುರ್ತು ಗರ್ಭನಿರೋಧಕ ಮಾತ್ರೆಯನ್ನು ಅಲ್ಲೇ ನುಂಗಿಸಿ. ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಕೇಳಿ ಪಡೆಯಬೇಕು. ಎಚ್‌ಐವಿ ತಡೆ ಔಷಧಕ್ಕೆ ಆಸ್ಪತ್ರೆಯವರು ‘ಪೆಪ್’ ಎನ್ನುತ್ತಾರೆ, ದಿನವೂ ತಪ್ಪದೆ 28 ದಿನ. ಎಡವುವುದು ಇಲ್ಲೇ. ಮೊದಲ ಕೆಲವು ದಿನಗಳಿಗೆ ಮಾತ್ರ ಮಾತ್ರೆ ಕೊಟ್ಟು ಉಳಿದದ್ದಕ್ಕೆ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬನ್ನಿ ಎಂದರೆ, ಮನೆಯಲ್ಲಿ ನೆಪ ಹೇಳಿ ಮತ್ತೆ ಹೊರಡುವುದು ಎಷ್ಟೋ ಹೆಣ್ಣುಮಕ್ಕಳಿಗೆ ಆಗದ ಮಾತು. 28 ದಿನಕ್ಕೂ ಒಟ್ಟಿಗೆ ಕೊಡಿ ಎಂದು ಕೇಳಿ. ಆಗದಿದ್ದರೆ ಮುಂದಿನ ದಿನಾಂಕ ಬರೆಸಿಕೊಂಡು, ಯಾರು ತರುವುದೆಂದು ಅಲ್ಲೇ ತೀರ್ಮಾನಿಸಿ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್, ಗಾಯವಿದ್ದರೆ ಟಿಟಿ, ಲೈಂಗಿಕ ಸೋಂಕು ತಡೆಯುವ ಮಾತ್ರೆಗಳು ಕೂಡ ಅದೇ ಭೇಟಿಯಲ್ಲಿ ಆಗಬೇಕು. ವರದಿಯ ಪ್ರತಿ ಉಚಿತ, ಕೇಳಿ ಪಡೆಯಿರಿ. ಗರ್ಭ ನಿಂತಿರುವುದು ತಡವಾಗಿ ಗೊತ್ತಾದರೆ ಗರ್ಭಪಾತಕ್ಕೆ 24 ವಾರಗಳವರೆಗೆ ಕಾನೂನಿನಲ್ಲಿ ಅವಕಾಶವಿದೆ. 20 ವಾರ ದಾಟಿದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 24 ದಾಟಿದರೆ ಸಾಮಾನ್ಯವಾಗಿ ಹೈಕೋರ್ಟಿಗೆ ಹೋಗಬೇಕಾಗುತ್ತದೆ, ಆಗ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಆಸ್ಪತ್ರೆಯ ಆವರಣದಲ್ಲೋ ಸಮೀಪದಲ್ಲೋ ‘ಸಖಿ’ ಒನ್ ಸ್ಟಾಪ್ ಸೆಂಟರ್ ಇರುತ್ತದೆ. ನಿರ್ಭಯಾ ನಿಧಿಯಿಂದ 2015ರಲ್ಲಿ ಶುರುವಾದ ಯೋಜನೆ. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳಲ್ಲಿ ‘ಗೆಳತಿ’ ಎಂಬ ವಿಶೇಷ ಚಿಕಿತ್ಸಾ ಘಟಕಗಳೂ ಇದ್ದುದರಿಂದ ಬೋರ್ಡಿನ ಮೇಲೆ ಆ ಹೆಸರು ಕಂಡರೂ ಗಾಬರಿ ಬೇಡ. ವೈದ್ಯರು, ಪೊಲೀಸ್, ವಕೀಲರು, ಆಪ್ತ ಸಮಾಲೋಚನೆ, ಐದು ದಿನಗಳವರೆಗೆ ತಂಗಲು ಜಾಗ, ಎಲ್ಲವೂ ಒಂದೇ ಸೂರಿನಡಿ ಎಂಬುದು ಇದರ ಉದ್ದೇಶ. ಈ ಇಡೀ ವ್ಯವಸ್ಥೆಯಲ್ಲಿ ನಮಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಇದೇ, ಕಾರಣವೂ ಸರಳ: ನಡೆದದ್ದನ್ನು ಐದು ಕಡೆ ಐದು ಸಲ ಹೇಳಬೇಕಾದ ಹಿಂಸೆ ತಪ್ಪುತ್ತದೆ. ಆದರೆ ಕೇಂದ್ರದ ಗುಣ ಅಲ್ಲಿರುವ ಸಮಾಲೋಚಕಿಯನ್ನೇ ನೆಚ್ಚಿಕೊಂಡಿದೆ. ಸಿಬ್ಬಂದಿ ಗುತ್ತಿಗೆಯವರು, ಆಗಾಗ ಬದಲಾಗುತ್ತಾರೆ. ಹೋಗುವ ಮೊದಲು ಫೋನ್ ಮಾಡಿ ಎರಡು ವಿಷಯ ಕೇಳಿ: ಈ ಹೊತ್ತಿನಲ್ಲಿ ಸಮಾಲೋಚಕಿ ಇದ್ದಾರಾ, ಇವತ್ತು ರಾತ್ರಿ ಉಳಿಯಲು ಮಂಚ ಖಾಲಿ ಇದೆಯಾ. ಮಗನನ್ನು ಕರೆದುಕೊಂಡು ಹೋಗುವ ತಾಯಿ ಅವನ ವಯಸ್ಸನ್ನೂ ಹೇಳಬೇಕು, ಹನ್ನೆರಡು ದಾಟಿದ ಹುಡುಗನಿಗೆ ಅಲ್ಲಿ ಜಾಗವಿಲ್ಲ. ಸಮಾಲೋಚನೆಯ ಹೆಸರಿನಲ್ಲಿ “ಹೊಂದಿಕೊಂಡು ಹೋಗಮ್ಮ” ಎಂದೋ, “ಅವನನ್ನೇ ಮದುವೆಯಾಗು” ಎಂದೋ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ರಾಜಿ ಪಂಚಾಯ್ತಿ. ಅತ್ಯಾಚಾರದಲ್ಲಿ ರಾಜಿಗೆ ಕಾನೂನಿನಲ್ಲಿ ಜಾಗವಿಲ್ಲ.

ಸಖಿ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಇರುತ್ತದೆ. ಹೆಸರಿನಿಂದ ಶುರು ಮಾಡುವ ಅಗತ್ಯವಿಲ್ಲ. ಜಿಲ್ಲೆ, ತಾಲೂಕು, ಈಗ ಸುರಕ್ಷಿತ ಜಾಗದಲ್ಲಿದ್ದೀರಾ ಇಲ್ಲವಾ, ತಿರುಗಿ ಕರೆ ಮಾಡಿದರೆ ತೊಂದರೆಯಾಗುತ್ತದಾ, ಇಷ್ಟನ್ನು ಹೇಳಿ. ದೌರ್ಜನ್ಯ ಮಾಡಿದವನು ಮನೆಯವನೇ ಆಗಿದ್ದರೆ ಕರೆಯಾದ ಮೇಲೆ ಮೊಬೈಲಿನಿಂದ ನಂಬರ್ ಅಳಿಸಿ. ಅಪಾಯ ಕಣ್ಣೆದುರೇ ಇದ್ದರೆ 181 ಬೇಡ, 112. ಮಕ್ಕಳಿಗೆ 1098. ತಾಲೂಕು ಮಟ್ಟದಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳಿವೆ. ಜಿಲ್ಲಾ ಕೇಂದ್ರ ದೂರವಿರುವ ಕಡೆ ಇವು ದೊಡ್ಡ ಆಸರೆ, ಆದರೆ ವೈದ್ಯಕೀಯ ಪರೀಕ್ಷೆ ಅಲ್ಲಿ ಆಗುವುದಿಲ್ಲ. ಬೆಂಗಳೂರಿನಲ್ಲಿ ಪೊಲೀಸ್ ಆಯುಕ್ತರ ಕಚೇರಿಯ ವನಿತಾ ಸಹಾಯವಾಣಿಯ ಮುಖ್ಯ ಕೆಲಸ ಮನೆಯೊಳಗಿನ ದೌರ್ಜನ್ಯದ ಸಮಾಲೋಚನೆ. ಅತ್ಯಾಚಾರವಾದ ದಿನ ಮೊದಲು ಹೋಗಬೇಕಾದ ಜಾಗ ಅದಲ್ಲ.

ಈಗ ಠಾಣೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮುಂಬೈಯಲ್ಲಿ ಕೆಲಸಕ್ಕಿದ್ದಾಗ ನಡೆದದ್ದಕ್ಕೆ ವಿಜಯಪುರದ ಠಾಣೆಯಲ್ಲಿ ‘ಝೀರೊ ಎಫ್‌ಐಆರ್’ ದಾಖಲಾಗಬೇಕು, ನಮ್ಮ ವ್ಯಾಪ್ತಿಯಲ್ಲ ಎಂದು ಕಳಿಸುವಂತಿಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ನೊಂದವರು ಬಯಸಿದರೆ ಅವರ ಮನೆಯಲ್ಲೇ. ಮಗುವಿನ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿ ಇರುವಂತಿಲ್ಲ. ಅಂಗವೈಕಲ್ಯವಿದ್ದರೆ ವಿಶೇಷ ಶಿಕ್ಷಕರೋ ದುಭಾಷಿಯೋ ಇರಬೇಕು, ಹೇಳಿಕೆಯ ವಿಡಿಯೊ ಆಗಬೇಕು. ಸಹಿ ಹಾಕುವ ಮುನ್ನ ಪೂರ್ತಿ ಓದಿಸಿ ಕೇಳಿ. ಪೊಲೀಸರ ಕನ್ನಡದಲ್ಲಿ ಆಕೆಯ ಮಾತು ಬೇರೆಯೇ ಆಗಿಬಿಡುವುದುಂಟು, ಆ ವ್ಯತ್ಯಾಸವನ್ನೇ ಮುಂದೆ ಪಾಟೀಸವಾಲಿನಲ್ಲಿ ಎದುರು ವಕೀಲರು ಹಿಡಿಯುತ್ತಾರೆ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಎಸ್‌ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹಾಗೆ ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಕಲಂ ಅಡಿ ಕನಿಷ್ಠ ಆರು ತಿಂಗಳ ಕಠಿಣ ಸಜೆ ಇದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸುವುದೂ ಪೊಲೀಸರ ಹೊಣೆ.

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಜನ ಇದನ್ನು ಬಳಸುವುದು ಕಡಿಮೆ, ನೋಡಿದಾಗ ಬೇಸರವಾಗುತ್ತದೆ. ಪರಿಹಾರಧನದ ಅರ್ಜಿಯೂ ಇಲ್ಲಿಗೇ. ರಾಷ್ಟ್ರೀಯ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ಎಂದಿದೆ. ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ, ಆರೋಪಿ ಯಾರೆಂದು ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು. ಮಧ್ಯಂತರ ಪರಿಹಾರವನ್ನು ಬೇರೆಯಾಗಿ ಕೇಳಿ, ಚಿಕಿತ್ಸೆಗೆ, ಓಡಾಟಕ್ಕೆ ದುಡ್ಡು ಬೇಕಾಗುವುದು ಮೊದಲ ತಿಂಗಳುಗಳಲ್ಲೇ. ಎಫ್‌ಐಆರ್, ವೈದ್ಯಕೀಯ ವರದಿ, ಗುರುತಿನ ಚೀಟಿ, ಪಾಸ್‌ಬುಕ್ ಜೊತೆಗಿರಲಿ. ಬ್ಯಾಂಕ್ ಖಾತೆ ಆಕೆಯೊಬ್ಬಳ ಹೆಸರಿನಲ್ಲೇ ಇರಲಿ, ಜಂಟಿ ಖಾತೆಗೆ ಬಂದ ಹಣ ಆಕೆಯ ಕೈಗೆ ಸಿಗುತ್ತದೆಂಬ ಖಾತ್ರಿಯಿಲ್ಲ. ಮಂಜೂರಾದ ಹಣದಲ್ಲಿ ಮುಕ್ಕಾಲು ಭಾಗವನ್ನು ಕನಿಷ್ಠ ಮೂರು ವರ್ಷ ಠೇವಣಿ ಇಡುತ್ತಾರೆ, ಉಳಿದ ಕಾಲು ಭಾಗ ಖರ್ಚಿಗೆ ಸಿಗುತ್ತದೆ.

ಗಂಡಸರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಈ ವ್ಯವಸ್ಥೆ ಅನ್ಯಾಯವನ್ನೇ ಮಾಡಿದೆ. ಹದಿನೆಂಟರೊಳಗಿನ ಹುಡುಗನಿಗೆ ಪೋಕ್ಸೊ ಪೂರ್ತಿ ಅನ್ವಯಿಸುತ್ತದೆ. ಆದರೆ 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ 377ನೇ ಕಲಂ ಇಲ್ಲವಾದ ಮೇಲೆ ವಯಸ್ಕ ಪುರುಷನ ಮೇಲಿನ ಅತ್ಯಾಚಾರಕ್ಕೆ ನೇರವಾದ ಕಲಮೇ ಉಳಿದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿರುವ ಗರಿಷ್ಠ ಶಿಕ್ಷೆ ಎರಡೇ ವರ್ಷ. ಕಾನೂನು ಹೀಗಿದ್ದರೂ ಚಿಕಿತ್ಸೆಗೆ ಅಡ್ಡಿಯಿಲ್ಲ: 2014ರ ಮಾರ್ಗಸೂಚಿ ಎಲ್ಲರಿಗೂ ಅನ್ವಯಿಸುತ್ತದೆ, ಪೆಪ್ ಕೇಳುವ ಹಕ್ಕು ಎಲ್ಲರದ್ದೂ.

ಮನಸ್ಸಿನ ಆರೈಕೆಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ಯಾವ ಹೊತ್ತಿನಲ್ಲಾದರೂ. ನಿದ್ದೆ ಬಾರದ ರಾತ್ರಿಗೆ, ಸಾಯಬೇಕೆನಿಸಿದ ಹೊತ್ತಿಗೆ ಇದು ಒಳ್ಳೆಯ ಸೇವೆ. ಆದರೆ ಕರೆ ಮಾಡಿದಾಗಲೆಲ್ಲ ಅದೇ ಸಮಾಲೋಚಕರು ಸಿಗುತ್ತಾರೆಂಬ ಭರವಸೆಯಿಲ್ಲ. ತಿಂಗಳುಗಟ್ಟಲೆ ಒಬ್ಬರ ಹತ್ತಿರವೇ ಮಾತಾಡಬೇಕೆನಿಸಿದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವನ್ನು ಕೇಳಿ. ಎರಡು ಮೂರು ವರ್ಷದ ಮೇಲೆ ಕೋರ್ಟಿನಿಂದ ಸಮನ್ಸ್ ಬಂದಾಗ ಎಲ್ಲವೂ ಮರುಕಳಿಸುವುದುಂಟು, ಆ ವಾರಕ್ಕೂ ಭೇಟಿ ಗೊತ್ತುಮಾಡಿಕೊಳ್ಳಿ. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಆರೋಪಿಯ ಮುಖ ಕಾಣದಂತೆ ಪರದೆಯ ವ್ಯವಸ್ಥೆ ಬೇಕೆಂದು ಸರ್ಕಾರಿ ಅಭಿಯೋಜಕರಿಗೆ ಹಿಂದಿನ ದಿನವೇ ಹೇಳಿಡಿ. ಅವತ್ತು ಬೆಳಿಗ್ಗೆ ಕೋರ್ಟಿನ ವರಾಂಡದಲ್ಲಿ ಕೇಳಿದರೆ ಅಷ್ಟರಲ್ಲಿ ಎದುರು ಬೆಂಚಿನ ಮೇಲೆ ಅವನು ಕೂತಿರುತ್ತಾನೆ.