ಕೆಫ್ ಎಲ್‌ಎಸ್50 ಮೆಟಾ: ಪರದೆ ಎಳೆದು ಕೇಳಿ ಆರಿಸಿದ ಸ್ಪೀಕರ್

ಡೆಮೊ ಕೋಣೆಯಲ್ಲಿ ಎರಡು ಜೋಡಿ ಸ್ಪೀಕರ್ ಇದ್ದವು. ಒಂದು ನನ್ನ ಎದೆಯೆತ್ತರದ ದೊಡ್ಡ ಪೆಟ್ಟಿಗೆ, ಒಂದೊಂದರಲ್ಲೂ ಮೂರು ವೂಫರ್ (ಬಾಸ್, ಅಂದರೆ ತಗ್ಗಿನ ಸ್ವರ ಕೊಡುವ ಭಾಗ). ಇನ್ನೊಂದು ಸ್ಟ್ಯಾಂಡ್ ಮೇಲೆ ಕೂತಿದ್ದ ಕೆಫ್ ಕಂಪನಿಯ ಎಲ್‌ಎಸ್50 ಮೆಟಾ. ಒಂದು ಅಡಿ ಎತ್ತರ, ಅಷ್ಟೇ. ದೊಡ್ಡದು ಶುರುವಾದ ಕೂಡಲೇ ಕೂತಿದ್ದ ಸೋಫಾ ಅದುರಿತು. ಡ್ರಮ್ಮಿನ ಪೆಟ್ಟು ನೇರ ಹೊಟ್ಟೆಗೇ ಬಡಿಯಿತು. ಆಮೇಲೆ ಅದೇ ಹಾಡು ಚಿಕ್ಕದರಲ್ಲಿ ಸಪ್ಪೆ ಅನ್ನಿಸಿತು. ಹತ್ತೇ ನಿಮಿಷದಲ್ಲಿ ದೊಡ್ಡದನ್ನೇ ಕೊಳ್ಳೋದು ಅಂತ ಮನಸ್ಸು ಮಾಡಿಬಿಟ್ಟಿದ್ದೆ.

ಪುಣ್ಯಕ್ಕೆ ಎರಡನ್ನೂ ಎರಡು ವಾರ ಮನೆಯಲ್ಲಿಟ್ಟುಕೊಂಡು ಕೇಳಲು ಕೊಟ್ಟರು. ಎಂಟು ತಿಂಗಳಾಯಿತು, ಈಗ ಮನೆಯಲ್ಲಿರುವುದು ಚಿಕ್ಕದು. ಆ ಎರಡು ವಾರದಲ್ಲಿ ಏನಾಯಿತು ಅನ್ನೋದೇ ಈ ರಿವ್ಯೂ.

ಮೊದಲು ಸದ್ದಿನ ಮಟ್ಟದ ವಿಷಯ. ಎಲ್‌ಎಸ್50 ಮೆಟಾದ ಸೆನ್ಸಿಟಿವಿಟಿ, ಅಂದರೆ ಇಂತಿಷ್ಟು ಪವರಿಗೆ ಎಷ್ಟು ಸದ್ದು ಅನ್ನೋ ಅಳತೆ, 85 ಡೆಸಿಬಲ್. ದೊಡ್ಡದರ ಹಿಂದೆ 91 ಅಂತ ಬರೆದಿತ್ತು. ಅಂದರೆ ವಾಲ್ಯೂಮ್ ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಹೋದರೆ ದೊಡ್ಡದು 6 ಡೆಸಿಬಲ್ ಜಾಸ್ತಿ ಕೂಗುತ್ತದೆ. ಆ ಅಂತರ ತುಂಬಲು ಚಿಕ್ಕದಕ್ಕೆ ನಾಲ್ಕು ಪಟ್ಟು ಪವರ್ ಕೊಡಬೇಕು. ಡೆಮೊ ಕೋಣೆಯಲ್ಲಿ ಯಾರೂ ವಾಲ್ಯೂಮ್ ಮುಟ್ಟಿರಲಿಲ್ಲ. ನಮ್ಮ ಕಿವಿ ಹೇಗೆ ಅಂದರೆ, ಸದ್ದು ಸ್ವಲ್ಪವೇ ಜಾಸ್ತಿ ಇದ್ದರೂ ಅದನ್ನು ಸದ್ದು ಅಂತ ಗುರುತಿಸುವುದಿಲ್ಲ. "ಸ್ಪಷ್ಟವಾಗಿದೆ", "ಜೀವ ಇದೆ" ಅಂತ ಅಂದುಕೊಳ್ಳುತ್ತದೆ. ಮನೆಗೆ ತಂದ ದಿನವೇ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಪರೀಕ್ಷೆಯ ಸದ್ದು) ಹಾಕಿ, ಫೋನನ್ನು ನಾನು ಕೂರುವ ಕಡೆ ಇಟ್ಟು, ಎರಡರ ಸದ್ದನ್ನೂ ಸಮ ಮಾಡಿಕೊಂಡೆ. ಫೋನಿನ ಮೀಟರ್ ಅಷ್ಟು ಕರಾರುವಾಕ್ಕಲ್ಲ ನಿಜ, ಆದರೆ ಒಂದನ್ನು ಇನ್ನೊಂದರ ಜೊತೆ ಹೋಲಿಸಲು ಸಾಕು. ಸಮ ಮಾಡಿದ ಮೇಲೆ "ಸಪ್ಪೆ" ಅನ್ನೋ ಮಾತು ಅರ್ಧ ಹೋಯಿತು.

ಉಳಿದರ್ಧ ಕಣ್ಣಿನದು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅನ್ನೋ ಧ್ವನಿ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದ್ದರು. 40 ಜನ, ನಾಲ್ಕು ಬಗೆಯ ಸ್ಪೀಕರ್. ಒಮ್ಮೆ ಸ್ಪೀಕರ್ ನೋಡಿಕೊಂಡು ಅಂಕ ಕೊಟ್ಟರು, ಇನ್ನೊಮ್ಮೆ ಪರದೆಯ ಈಚೆ ಕೂತು. ಕಣ್ಣೆದುರಿದ್ದಾಗ ದೊಡ್ಡದಕ್ಕೆ, ದುಬಾರಿಯದಕ್ಕೆ ಅಂಕ ಏರಿತು. ಪರದೆ ಬಿದ್ದಾಗ ಆ ಅಂತರ ಕುಗ್ಗಿತು. ನಾವೂ ಮನೆಯಲ್ಲಿ ತೆಳು ಬಟ್ಟೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟೆವು. ಮಗಳು ಹಿಂದೆ ನಿಂತು ವೈರ್ ಬದಲಾಯಿಸುತ್ತಿದ್ದಳು. ಪ್ರತಿ ಬಗೆಯಿಂದ ಒಂದೇ ಸ್ಪೀಕರ್, ಮೋನೋದಲ್ಲಿ (ಎಡ ಬಲ ಅಂತಿಲ್ಲದೆ ಸದ್ದೆಲ್ಲ ಒಂದರಿಂದಲೇ). ಸ್ಟೀರಿಯೋದಲ್ಲಿ ಹರವು ಚೆಂದ ಕಂಡು ಹುಳುಕು ಮುಚ್ಚಿಹೋಗುತ್ತದೆ. ಒಂದೇ ಇದ್ದರೆ ಎಲ್ಲಾ ಬಯಲಿಗೆ ಬರುತ್ತದೆ. ಅರ್ಧ ಪರೀಕ್ಷೆ ಆದಮೇಲೆ ಎರಡರ ಜಾಗವನ್ನೂ ಅದಲು ಬದಲು ಮಾಡಿದೆವು, ಯಾಕಂದರೆ ಕೋಣೆಯ ಮೂಲೆಗೆ ಹತ್ತಿರ ಇದ್ದದ್ದಕ್ಕೆ ಬಾಸ್ ಸುಮ್ಮನೆ ಏರುತ್ತದೆ.

ಏನನ್ನು ಕೇಳಬೇಕು ಅನ್ನೋದೇ ದೊಡ್ಡ ಪ್ರಶ್ನೆ ಅಲ್ವಾ? ಹಾಡು ಹಾಕಿದರೆ, ಸ್ಟುಡಿಯೋದಲ್ಲಿ ಆ ದನಿ ಹೇಗಿತ್ತು ಅಂತ ನನಗೇನು ಗೊತ್ತು? ಮಗಳ ದನಿ ಗೊತ್ತು. ಗಾಳಿಯಿಲ್ಲದ ಬೆಳಗ್ಗೆ ತಾರಸಿ ಮೇಲೆ ನಿಲ್ಲಿಸಿ, ಒಳ್ಳೆಯ ಮೈಕಿನಲ್ಲಿ ಅವಳು ಪಾಠ ಓದಿದ್ದನ್ನು ನಾಲ್ಕು ನಿಮಿಷ ರೆಕಾರ್ಡ್ ಮಾಡಿದ್ದೆ. ಬಯಲಲ್ಲಿ ಗೋಡೆಗಳ ಮಾರ್ದನಿ ಸೇರುವುದಿಲ್ಲ. ಪರದೆಯ ಹಿಂದಿನಿಂದ ಒಮ್ಮೆ ಅವಳೇ ಓದುವುದು, ಒಮ್ಮೆ ಸ್ಪೀಕರ್ ಓದುವುದು.

ಒಂದು ಸ್ಪೀಕರಿನಲ್ಲಿ ಅವಳು ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿತು. ಒಂಬತ್ತು ವರ್ಷದ ಹುಡುಗಿಗೆ ಅಷ್ಟು ಗಟ್ಟಿ ಎದೆದನಿ ಎಲ್ಲಿಂದ ಬರಬೇಕು? "ಸ", "ಶ" ಬಂದಾಗಲೆಲ್ಲ ದನಿಯಿಂದ ಬೇರೆಯಾಗಿ, ಮೇಲೆಲ್ಲೋ ಸಿಡಿಯುತ್ತಿತ್ತು. ಇನ್ನೊಂದರಲ್ಲಿ "ಸ" ಬಾಯಿಂದಲೇ ಬಂತು. ಮುಚ್ಚಿದ ತುಟಿಯ "ಮ" ಕೇಳಿತು, ಸಾಲಿನ ನಡುವೆ ಉಸಿರು ಎಳೆದುಕೊಂಡದ್ದು ಕೇಳಿತು. ರೆಕಾರ್ಡಿಂಗ್ ಕೊನೆಗೆ ಅವಳು "ಅಮ್ಮಾ, ಆಯ್ತು" ಅಂತ ಕೂಗಿದ್ದಾಳೆ. ಅದು ಬಂದಾಗ ಒಳಗಿನ ಕೋಣೆಯಿಂದ ನನ್ನ ಹೆಂಡತಿ "ಬಂದೆ ಪುಟ್ಟಿ" ಅಂದಳು. ಮಗಳು ಪರದೆ ಸರಿಸಿದಳು. ವೈರ್ ಇದ್ದದ್ದು ಚಿಕ್ಕದಕ್ಕೆ.

ಇದರಲ್ಲಿ ಮಾಯೆ ಏನಿಲ್ಲ. ಸಾಮಾನ್ಯ ಸ್ಪೀಕರಿನಲ್ಲಿ ಏರುಸ್ವರ ಕೊಡುವ ಟ್ವೀಟರ್ ಮೇಲೆ, ವೂಫರ್ ಕೆಳಗೆ. ಒಂದೇ ದನಿ ಎರಡು ಜಾಗದಿಂದ ಹೊರಡುತ್ತದೆ. ಹತ್ತಿರ ಕೂತಾಗ, ಎದ್ದು ನಿಂತಾಗ ಅದು ಸರಿಯಾಗಿ ಬೆರೆಯುವುದಿಲ್ಲ. ಕೆಫ್‌ನವರು 1988ರಿಂದ ಯೂನಿ-ಕ್ಯೂ ಅನ್ನೋ ಜೋಡಣೆ ಮಾಡುತ್ತಿದ್ದಾರೆ. ಅದರಲ್ಲಿ ಟ್ವೀಟರ್ ವೂಫರಿನ ಕೋನಿನ ನಡುಮಧ್ಯದಲ್ಲೇ ಇರುತ್ತದೆ. ಹಾಗಾಗಿ ದನಿ ಪೂರ್ತಿ ಒಂದೇ ಬಿಂದುವಿನಿಂದ ಬರುತ್ತದೆ. ಹೆಸರಿನಲ್ಲಿರುವ "ಮೆಟಾ" ಟ್ವೀಟರಿನ ಬೆನ್ನಿಗಿರುವ ಚಕ್ಕುಲಿ ಸುತ್ತಿನಂಥ ಬಿಲ್ಲೆ. ಟ್ವೀಟರ್ ಮುಂದಕ್ಕೆ ಕೊಟ್ಟಷ್ಟೇ ಸದ್ದನ್ನು ಹಿಂದಕ್ಕೂ ಕೊಡುತ್ತದೆ. ಅದು ಮರಳಿ ಬಂದು ಮುಂದಿನ ದನಿಯನ್ನು ಕೆಡಿಸದ ಹಾಗೆ ಬಿಲ್ಲೆಯ ಬೇರೆ ಬೇರೆ ಅಳತೆಯ ಕೊಳವೆಗಳು ಹೀರಿಕೊಳ್ಳುತ್ತವೆ. ಶೇಕಡಾ 99 ಹೀರುತ್ತದೆ ಅನ್ನುವುದು ಕಂಪನಿಯ ಮಾತು. ನನ್ನ ಅನುಭವಕ್ಕೆ ಬಂದದ್ದು ಆ "ಸ".

ಇದರ ವಂಶವೂ ಮಾತಿನದೇ. 1970ರ ದಶಕದಲ್ಲಿ ಬಿಬಿಸಿ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ಹಿಡಿಸುವಂಥ, ಪ್ರಸಾರವಾಗುವ ಮಾತು ಸರಿಯಿದೆಯೇ ಅಂತ ಕೇಳಿ ನೋಡುವ ಪುಟ್ಟ ಸ್ಪೀಕರ್ (ಮಾನಿಟರ್) ಮಾಡಿದರು, ಎಲ್‌ಎಸ್3/5ಎ ಅಂತ. ಅದರ ವೂಫರ್, ಟ್ವೀಟರ್ ಎರಡೂ ಕೆಫ್‌ನವೇ. ಅದನ್ನು ನೆನೆದು, ಕಂಪನಿಗೆ 50 ವರ್ಷ ತುಂಬಿದ ಗುರುತಿಗೆ 2012ರಲ್ಲಿ ಎಲ್‌ಎಸ್50 ಬಂತು. ಮೆಟಾ ಬಂದದ್ದು 2020ರಲ್ಲಿ.

ಹಾಗಾದರೆ ಸೋಫಾ ಅದುರಿಸಿದ ಆ ಬಾಸ್? ನಮ್ಮ ಕೋಣೆಯ ಉದ್ದ 4.3 ಮೀಟರ್. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯುದ್ದದ ಎರಡು ಪಟ್ಟಿನಿಂದ ಭಾಗಿಸಿದರೆ 40 ಹರ್ಟ್ಜ್ ಬರುತ್ತದೆ, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ ತಗ್ಗಿನ ಸ್ವರ. ಆ ಸ್ವರ ಬಂದಾಗಲೆಲ್ಲ ಕೋಣೆಯೇ ಜೊತೆಗೆ ಗುಂಯ್‌ಗುಡುತ್ತದೆ. ದೊಡ್ಡ ಸ್ಪೀಕರ್ ಅಷ್ಟು ಕೆಳಗಿಳಿಯುತ್ತಿತ್ತು, ನಮ್ಮ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಗೋಡೆಯ ಬಳಿ ಆ ಗುಂಯ್ ಎಲ್ಲಕ್ಕಿಂತ ಜಾಸ್ತಿ. ಎದ್ದು ಕೋಣೆಯ ನಡುವಿಗೆ ಬಂದರೆ ಅದೇ ಸ್ವರ ಮಾಯ! ಹಾಡು ನಿಲ್ಲಿಸದೆ ಹಾಗೆ ನಡೆದು ನೋಡಿ, ನಿಮಗೇ ಗೊತ್ತಾಗುತ್ತದೆ. ದೊಡ್ಡ ಕೋಣೆಯವರಿಗೆ ಆ ಸ್ಪೀಕರ್ ಚೆನ್ನಾಗಿ ಒಗ್ಗಬಹುದು. ನಮ್ಮಲ್ಲಿ ನಾಲ್ಕನೇ ಹಾಡಿಗೇ ನನ್ನ ಕೈ ರಿಮೋಟಿಗೆ ಹೋಗುತ್ತಿತ್ತು. ಸ್ಪೀಕರ್ ಅಳೆಯಲು ಬಳಸುವ ದೊಡ್ಡ ದೊಡ್ಡ ಪದಗಳಿಗಿಂತ ನಾನು ಇದನ್ನೇ ಜಾಸ್ತಿ ನಂಬುತ್ತೇನೆ. ಒಂದು ಗಂಟೆ ಆದಮೇಲೂ ವಾಲ್ಯೂಮ್ ಇಳಿಸಬೇಕು ಅನ್ನಿಸಲಿಲ್ಲವೇ? ಹಾಡುವವರ ಬಾಯಿ ಬಾಯಿಯಷ್ಟೇ ಅಗಲ ಇದೆಯೇ? ತಂಬೂರಿಯ ನಾಲ್ಕು ತಂತಿ ನಾಲ್ಕಾಗಿ ಕೇಳಿ, ಮತ್ತೆ ಒಂದಾಗಿ ಕೂಡುತ್ತವೆಯೇ?

ಎಲ್‌ಎಸ್50 ಮೆಟಾದ ಮಿತಿಯನ್ನೂ ಹೇಳಲೇಬೇಕು. 79 ಹರ್ಟ್ಜ್‌ವರೆಗೆ ಸದ್ದು ಹೆಚ್ಚುಕಮ್ಮಿ ಸಮವಾಗಿರುತ್ತದೆ, 47ಕ್ಕೆ ಬರುವಷ್ಟರಲ್ಲಿ 6 ಡೆಸಿಬಲ್ ಕುಸಿದಿರುತ್ತದೆ. ಬಾಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಜ್. ಅದರ ಗಾತ್ರ ಇಲ್ಲಿ ಪೂರ್ತಿ ಸಿಗುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಲ್ಲಗೆ ಕೇಳಿದರೆ ಇನ್ನೂ ತೆಳುವಾಗುತ್ತದೆ. ಮೆಲುದನಿಯಲ್ಲಿ ಕಿವಿಗೇ ಬಾಸ್ ಕಡಿಮೆ ಕೇಳುತ್ತದೆ, ಫ್ಲೆಚರ್ ಮತ್ತು ಮನ್ಸನ್ ಅನ್ನೋ ವಿಜ್ಞಾನಿಗಳು 1933ರಲ್ಲೇ ಅದನ್ನು ಅಳೆದು ತೋರಿಸಿದ್ದರು. ಎದೆ ನಡುಗಬೇಕು ಅನ್ನುವವರು ಬಾಸ್ ಮಾತ್ರ ಕೊಡುವ ಸಬ್‌ವೂಫರ್ ಸೇರಿಸಿಕೊಳ್ಳಬೇಕು, ಇಲ್ಲಾ ಬೇರೆ ಸ್ಪೀಕರ್ ನೋಡಬೇಕು. ಸ್ಪೀಕರಿಗೆ ಪವರ್ ಕೊಡುವ ಆಂಪ್ (ಆಂಪ್ಲಿಫೈಯರ್) ವಿಷಯದಲ್ಲೂ ಜಿಪುಣತನ ಬೇಡ. ಇಂಪೀಡೆನ್ಸ್, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ, 8 ಓಮ್ ಅಂತಿದ್ದರೂ ಕೆಲವು ಸ್ವರಗಳಲ್ಲಿ 3.5ಕ್ಕೆ ಇಳಿಯುತ್ತದೆ, ಆಗ ಆಂಪ್ ಜಾಸ್ತಿ ಕರೆಂಟ್ ಕೊಡಬೇಕು. ನನ್ನ ಹಳೇ ಆಂಪಿನಲ್ಲಿ ಸದ್ದು ಏರಿಸಿದಾಗ ದನಿ ಬಿಗಿಯುತ್ತಿತ್ತು. 80 ವಾಟಿನದು ಬಂದಮೇಲೆ ಅದು ನಿಂತಿತು.

ಇನ್ನು ಇಡುವ ಜಾಗ. ಸ್ಟ್ಯಾಂಡ್ ಎಷ್ಟು ಎತ್ತರ ಬೇಕು ಅಂದರೆ, ಕೂತಾಗ ಕಿವಿಗೆ ಸಮನಾಗಿ ಟ್ವೀಟರ್ ಬರಬೇಕು. ಗೋಡೆಗೆ ಒತ್ತಿ ಇಟ್ಟಾಗ ಗಂಡಸರ ದನಿ ದಪ್ಪವಾಯಿತು. ಒಂದೊಂದೇ ಇಂಚು ಮುಂದೆ ತಂದು, ಮತ್ತೆ ಆ ಪಾಠದ ರೆಕಾರ್ಡಿಂಗ್ ಹಾಕಿ, ಮೂರು ಸಂಜೆ ಕೂತೆವು. ಸೋಫಾವನ್ನೂ ಅರ್ಧ ಮೀಟರ್ ಮುಂದಕ್ಕೆ ಎಳೆದೆವು. ಕೊನೆಗೆ ಗೋಡೆಯಿಂದ 55 ಸೆಂಟಿಮೀಟರಿಗೆ ನಿಂತಿತು. ಗುಡಿಸುವಾಗ ಸರಿಸಿದರೂ ಅದೇ ಜಾಗಕ್ಕೆ ಬರಲಿ ಅಂತ ಮಗಳು ನೆಲಕ್ಕೆ ನೀಲಿ ಟೇಪ್ ಅಂಟಿಸಿದ್ದಾಳೆ.