ಅಣ್ಣ ಬರೆದ ಕಡಲು, ತಂಗಿಯ ದನಿ: ಆಕ್‌ಮ್ಯು ಜೋಡಿಯ ‘ಸೇಲಿಂಗ್’ ಸಿ.ಡಿ.

ತರಿಸಿಕೊಂಡ ಪ್ರತಿಯ ಕವರಿನ ಒಂದು ಮೂಲೆ ಮಡಚಿಹೋಗಿತ್ತು. ಫೋಟೊ ತೆಗೆದು ಕಳಿಸಿದೆ. ಡಿಸ್ಕ್ ಚೆನ್ನಾಗಿದ್ದರೆ ಬದಲಾಯಿಸಿ ಕೊಡಲು ಬರುವುದಿಲ್ಲ ಎಂದು ಮಾರಿದವರಿಂದ ಒಂದೇ ಸಾಲಿನ ಉತ್ತರ. ಅಷ್ಟು ದಿನ ಕಾದು ತರಿಸಿದ್ದಕ್ಕೆ ಹೀಗಾಯಿತಲ್ಲ ಎಂದು ಎರಡು ದಿನ ಅದನ್ನು ಮುಟ್ಟಲೇ ಇಲ್ಲ. ಮೂರನೆಯ ದಿನ ರಾತ್ರಿ ಹಾಕಿದೆ. ಅಲ್ಲಿಂದ ನಾಲ್ಕು ತಿಂಗಳಾಯಿತು, ಈ ಹತ್ತು ಹಾಡುಗಳನ್ನು ಮೊದಲಿಂದ ಕೊನೆಯವರೆಗೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ.

ಆಕ್‌ಮ್ಯು ದಕ್ಷಿಣ ಕೊರಿಯಾದ ಹಾಡುಗಾರರ ಜೋಡಿ, ಇರುವುದು ಇಬ್ಬರೇ. ಅಣ್ಣ ಲೀ ಚಾನ್‌ಹ್ಯೊಕ್, ತಂಗಿ ಲೀ ಸುಹ್ಯೊನ್. ಅಪ್ಪ ಅಮ್ಮ ಮಿಷನರಿಗಳು. ಹಾಗಾಗಿ ಬಾಲ್ಯದ ಕೆಲವು ವರ್ಷಗಳನ್ನು ಮಂಗೋಲಿಯಾದಲ್ಲಿ, ಮನೆಯಲ್ಲೇ ಪಾಠ ಓದಿಕೊಂಡು ಕಳೆದರು. ಕೊರಿಯಾಕ್ಕೆ ಮರಳಿದ ಮೇಲೆ ಎಸ್‌ಬಿಎಸ್ ವಾಹಿನಿಯ ‘ಕೆ-ಪಾಪ್ ಸ್ಟಾರ್’ ಸ್ಪರ್ಧೆಯ ಎರಡನೇ ಆವೃತ್ತಿಗೆ ಬಂದು, 2013ರ ಏಪ್ರಿಲ್‌ನಲ್ಲಿ ಗೆದ್ದರು. ಆಗ ಅಣ್ಣನಿಗೆ ಹದಿನಾರು, ತಂಗಿಗೆ ಹದಿಮೂರು. ಕೈಯಲ್ಲೊಂದು ಗಿಟಾರ್, ಸ್ವಂತ ಹಾಡು. ಕಾಲ ಮೇಲೆ ಕಾಲು ಹಾಕಿ ಕೂರಬೇಡ ಎನ್ನುವ ಹಾಡನ್ನು ಆ ವಯಸ್ಸಿನಲ್ಲಿ ಬರೆದು, ತೀರ್ಪುಗಾರರ ಎದುರೇ ಹಾಡಿದ ಹುಡುಗ ಅವನು. ಜೋಡಿಯ ಪೂರ್ತಿ ಹೆಸರು ‘ಆಕ್‌ಡಾಂಗ್ ಮ್ಯುಸಿಷನ್’. ಆಕ್‌ಡಾಂಗ್ ಅಂದರೆ ತುಂಟ ಮಗು. ಅದೇ ಉಚ್ಚಾರಣೆಯನ್ನು ಬೇರೆ ಚೀನೀ ಅಕ್ಷರಗಳಲ್ಲಿ ಬರೆದು, ಸಂಗೀತವನ್ನು ಸವಿಯುವ ಮಗು ಎಂಬ ಅರ್ಥವನ್ನು ಇವರು ಇಟ್ಟುಕೊಂಡರು.

ನನಗೂ ಒಬ್ಬ ಅಣ್ಣ ಇದ್ದಾನೆ. ವೈಜಿ ಎಂಟರ್‌ಟೇನ್‌ಮೆಂಟ್ ಕಂಪನಿಯಿಂದ 2014ರ ಏಪ್ರಿಲ್ 7ರಂದು ಬಂದ ಇವರ ಮೊದಲ ಆಲ್ಬಮ್ ‘ಪ್ಲೇ’ಯನ್ನು ನಾವಿಬ್ಬರೂ ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ಕೇಳಿದವರು. ಬಲಗಿವಿ ಅವನದು, ಎಡಗಿವಿ ನನ್ನದು. ‘200%’ ಬಂದರೆ ಅವನು ತಲೆ ಆಡಿಸುವ ರಭಸಕ್ಕೆ ನನ್ನ ಕಿವಿಯಿಂದ ತುದಿ ಕಳಚಿ ಬೀಳುತ್ತಿತ್ತು. ನನಗೆ ಬೇಕಾದದ್ದು ‘ಮೆಲ್ಟೆಡ್’. ದೊಡ್ಡವರೆಲ್ಲ ಯಾಕಿಷ್ಟು ಮಂಜುಗಡ್ಡೆಯ ಹಾಗೆ ಎಂದು ಕೇಳುವ ಹಾಡು. ಆ ಆಲ್ಬಮ್ಮಿನ ಹನ್ನೊಂದು ಹಾಡುಗಳನ್ನೂ ಬರೆದವನು ಚಾನ್‌ಹ್ಯೊಕ್ ಎಂದು ಗೊತ್ತಾದ ದಿನ ಅಣ್ಣ ಮಾತೇ ಆಡಲಿಲ್ಲ. ಅವನೂ ಆಗ ನೋಟ್‌ಬುಕ್ಕಿನಲ್ಲಿ ಹಾಡು ಬರೆಯುತ್ತಿದ್ದ.

ನಡುವಿನ ವರ್ಷಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. 2016ರಲ್ಲಿ ‘ಸ್ಪ್ರಿಂಗ್’, 2017ರ ಜನವರಿಯಲ್ಲಿ ‘ವಿಂಟರ್’, ಅದೇ ವರ್ಷದ ಬೇಸಿಗೆಯಲ್ಲಿ ‘ಡೈನೋಸಾರ್’. ಎಲ್ಲವೂ ಚೆನ್ನಾಗಿವೆ. 2017ರ ಸೆಪ್ಟೆಂಬರ್‌ನಲ್ಲಿ ಚಾನ್‌ಹ್ಯೊಕ್ ಕಡ್ಡಾಯ ಸೇನಾ ಸೇವೆಗೆಂದು ಮರೀನ್ ದಳ ಸೇರಿದ. ಹೊರಬಂದದ್ದು 2019ರ ಮೇ ಕೊನೆಗೆ. ನಾಲ್ಕೇ ತಿಂಗಳಿಗೆ, ಸೆಪ್ಟೆಂಬರ್ 25ರಂದು, ‘ಸೇಲಿಂಗ್’ ಬಂತು. ಕೊರಿಯನ್ ಹೆಸರು ‘ಹಾಂಗ್‌ಹೆ’, ಅಂದರೆ ಸಮುದ್ರಯಾನ. ಸೇವೆಯಲ್ಲಿದ್ದಾಗ ಹಡಗಿನ ಮೇಲೆ ಕಳೆದ ದಿನಗಳು ಈ ಹಾಡುಗಳೊಳಗೆ ಇಳಿದಿವೆ. ಮೊದಲನೆಯದೇ ದೋಣಿಯ ಹಾಡು, ಎರಡನೆಯದು ನೀರು ಸಿಕ್ಕ ಮೀನಿನದು, ಏಳನೆಯದು ತಿಮಿಂಗಿಲದ್ದು.

ಮೂರನೆಯ ಹಾಡಿನ ಬಗ್ಗೆ ನಿಧಾನವಾಗಿ ಹೇಳಬೇಕು. ಇದಕ್ಕಾಗಿಯೇ ನಾನು ಕೊರಿಯನ್ ಬರೆಯುವ ಹಂಗುಲ್ ಲಿಪಿ ಕಲಿತೆ. ಹೆಸರೇ ಒಂದು ಪೂರ್ತಿ ಮಾತು. ಇಂಗ್ಲಿಷಿನಲ್ಲಿ ಓದಿದಾಗ ತೊಡಕಾಗಿ ಕಂಡಿತ್ತು. ಕೊರಿಯನ್‌ನಲ್ಲಿ ಅದರ ಜೀವ ಒಂದು ಪುಟ್ಟ ಪ್ರತ್ಯಯದಲ್ಲಿದೆ: ‘ಇಬ್ಯೊಲ್‌ಕ್ಕಾಜಿ’. ಇಬ್ಯೊಲ್ ಅಂದರೆ ಅಗಲಿಕೆ. ಕ್ಕಾಜಿ ಅಂದರೆ ವರೆಗೂ, ಅದನ್ನೂ ಕೂಡ. ನಮ್ಮಲ್ಲಿ ಒಂದು ‘ಊ’ ಸೇರಿಸಿದರೆ ಸಾಕು: ಅಗಲಿಕೆಯನ್ನೂ ಹೇಗೆ ಪ್ರೀತಿಸಲಿ, ನಾನು ಪ್ರೀತಿಸುವುದು ನಿನ್ನನ್ನಲ್ಲವೇ. ನೋಡಿ, ಎಷ್ಟು ಸಲೀಸಾಗಿ ಬಂತು. ಕ್ರಿಯಾಪದ ಅವರಿಗೂ ಕೊನೆಗೇ ಬರುತ್ತದೆ, ನಮಗೂ ಕೊನೆಗೇ. ಹಾಗಾಗಿ ಕೊರಿಯನ್ ಸಾಲು ಕೇಳುತ್ತಾ ಅದೇ ಕ್ರಮದಲ್ಲಿ ಕನ್ನಡದಲ್ಲಿ ಅರ್ಥ ಹಿಡಿಯಬಹುದು, ತಿರುವುಮುರುವು ಮಾಡುವ ಕೆಲಸವಿಲ್ಲ. ಹಾಡು ಶುರುವಾಗುವುದು ಒಬ್ಬರು ಬೇಕೆಂದೇ ಕೆಲವು ಹೆಜ್ಜೆ ಹಿಂದೆ ಉಳಿದು, ತಾನಿಲ್ಲದೆ ಇನ್ನೊಬ್ಬರು ನಡೆಯುವುದು ಹೇಗೆ ಕಾಣುತ್ತದೆ ಎಂದು ನೋಡುವಲ್ಲಿಂದ. ಮುಗಿಯುವುದು ಕಡಲಿನಷ್ಟು ಆಳದ ಪ್ರೀತಿ ಪೂರ್ತಿ ಬತ್ತುವವರೆಗೆ ಕಾಯುವುದೇ ಅಗಲಿಕೆ ಅಲ್ಲವೇ ಎಂಬಲ್ಲಿ. ಕಡಲು ಬತ್ತುವುದುಂಟೆ? ಸುಹ್ಯೊನ್ ಅದನ್ನು ಅಳುತ್ತಾ ಹಾಡುವುದಿಲ್ಲ. ದನಿಯನ್ನು ತಿಳಿಯಾಗಿ, ನೇರವಾಗಿ ಇಟ್ಟುಕೊಳ್ಳುತ್ತಾಳೆ. ಅಳು ನಮಗೆ ಬಿಟ್ಟದ್ದು.

ಪ್ರೇಮದ ಹಾಡನ್ನು ಅಣ್ಣ ತಂಗಿ ಕೂಡಿ ಹಾಡುವುದು ಮುಜುಗರವಲ್ಲವೇ ಎಂದು ನನ್ನನ್ನು ಕೇಳಿದವರಿದ್ದಾರೆ. ಇಲ್ಲ. ಇವರು ಪ್ರೇಮಿಗಳಾಗಿ ನಟಿಸುವುದೇ ಇಲ್ಲ. ಒಬ್ಬ ಬರೆದ ಪತ್ರವನ್ನು, ಅವನ ಕೈಬರಹ ಚಿಕ್ಕಂದಿನಿಂದ ಬಲ್ಲ ಇನ್ನೊಬ್ಬಳು ಗಟ್ಟಿಯಾಗಿ ಓದಿ ಹೇಳಿದ ಹಾಗಿದೆ. ಅವಳ ದನಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ, ಯಾವ ಸ್ವರದಲ್ಲಿ ತೆಳ್ಳಗಾಗುತ್ತದೆ ಎಂಬುದು ಗೊತ್ತಿದ್ದೇ ಅವನು ಬರೆಯುತ್ತಾನೆ. ಫೋನಿನಲ್ಲಿ ಅಣ್ಣನಿಗೆ ಈ ಹಾಡು ಕೇಳಿಸಿದಾಗ, “ಅವಳಿಗೇ ಅಂತ ಅಳತೆ ತಗೊಂಡು ಹೊಲಿದ ಹಾಗಿದೆ ಕಣೇ” ಅಂದ. ಎರಡು ವರ್ಷ ಆ ದನಿಯಿಂದ ದೂರವಿದ್ದು ಬಂದವನ ಬರವಣಿಗೆ ಇನ್ನಷ್ಟು ಹದವಾಗಿದೆ ಅನಿಸುತ್ತದೆ. ‘ಪ್ಲೇ’ಯಲ್ಲಿ ಪದಗಳ ಆಟ ಹೆಚ್ಚು, ಇಲ್ಲಿ ಪದಗಳ ನಡುವಿನ ಜಾಗ ಹೆಚ್ಚು.

ಎಲ್ಲ ಹತ್ತೂ ಒಂದೇ ಎತ್ತರದಲ್ಲಿವೆ ಎನ್ನಲಾರೆ. ‘ಫ್ರೀಡಮ್’ ನನಗೆ ಸಪ್ಪೆ. ಎಂಟರಿಂದ ಹತ್ತರವರೆಗೆ ನಿಧಾನ ಹೆಚ್ಚಾಗಿ, ಆಯಾಸವಿದ್ದ ದಿನ ನಿದ್ದೆಗೆ ಜಾರಿದ್ದೇನೆ. ಆದರೆ ‘ತಿಮಿಂಗಿಲ’ವನ್ನು ಯಾವ ದಿನವೂ ದಾಟಿಸಿಲ್ಲ. ಬೇರೇನಿಲ್ಲದಿದ್ದರೂ ಕಡಲಾದರೂ ನಿನ್ನದಾಗಿರಲಿ ಎಂದು ತಿಮಿಂಗಿಲಕ್ಕೆ ಹಾರೈಸುವ ಹಾಡು ಅದು.

ಇದಾದ ಮೇಲಿನದನ್ನೂ ಕೇಳಿ. 2021ರ ‘ನೆಕ್ಸ್ಟ್ ಎಪಿಸೋಡ್’ನಲ್ಲಿ ಏಳು ಹಾಡಿಗೂ ಒಬ್ಬೊಬ್ಬ ಅತಿಥಿ. ಅದರಲ್ಲಿ ಕೊರಿಯಾದ ಗಾಯಕಿ ಐಯು ಜೊತೆಗಿನ ‘ನಕ್ಕ’ ಬಹಳ ಹೆಸರಾಯಿತು. ಕನ್ನಡದ ಕಿವಿಗೆ ಯಾರೋ ನಕ್ಕ ಹಾಗೆ ಕೇಳುತ್ತದೆ, ಕೊರಿಯನ್‌ನಲ್ಲಿ ಅದರ ಅರ್ಥ ಕೆಳಗೆ ಬೀಳುವುದು. ಚಂದದ ಹಾಡು. ಆದರೂ ಇಡೀ ಆಲ್ಬಮ್ಮಿನಲ್ಲಿ ಮೂರನೆಯವರು ಬಂದು ಕೂತಾಗ, ಇವರಿಬ್ಬರ ನಡುವಿನ ಆ ಹತ್ತಿರದ ಮಾತುಕತೆ ನನಗೆ ಸಿಗಲಿಲ್ಲ. 2023ರ ಆಗಸ್ಟ್‌ನಲ್ಲಿ ಬಂದ ‘ಲವ್ ಲೀ’ಯಲ್ಲಿ ಅದು ಮರಳಿ ಸಿಕ್ಕಿತು. ಲವ್ಲಿ ಎಂಬ ಪದಕ್ಕೆ ತಮ್ಮದೇ ಮನೆತನದ ಹೆಸರು ಲೀ ಹೊಂದಿಸಿಟ್ಟ ಶೀರ್ಷಿಕೆ. ಸುಹ್ಯೊನ್ ಕೆಲವು ಕಾಲ ಮನಸ್ಸು ಕುಗ್ಗಿ, ಹಾಡುವುದೇ ಕಷ್ಟವಾಗಿದ್ದ ದಿನಗಳ ಬಗ್ಗೆ ತಾನೇ ಮಾತಾಡಿದ್ದಾಳೆ. ಅದು ತಿಳಿದ ಮೇಲೆ ಇಷ್ಟು ಹಗುರಾದ, ಕುಣಿಯುವ ಹಾಡಿನಲ್ಲಿ ಅವಳ ದನಿ ಕೇಳಿ ನನಗೆ ಗಂಟಲು ಕಟ್ಟಿತು.

ಹೊಸದಾಗಿ ಶುರು ಮಾಡುವವರು ‘ಲವ್ ಲೀ’ಯಿಂದ ಶುರು ಮಾಡಿ, ಆಮೇಲೆ ‘ಪ್ಲೇ’. ಕಿವಿ ಪಳಗಿದ ಮೇಲೆ, ಒಂದು ಗಂಟೆ ಯಾರೂ ಕರೆಯದ ಹೊತ್ತು ನೋಡಿ ‘ಸೇಲಿಂಗ್’ ಹಾಕಿ. ಹಾಡುಗಳ ಕ್ರಮ ಬದಲಿಸಬೇಡಿ. ದೋಣಿ ಹೊರಟು, ಮೀನು ನೀರಿಗಿಳಿದ ಮೇಲೆಯೇ ಮೂರನೆಯ ಹಾಡು ಬರಬೇಕು.

ಕಳೆದ ವಾರ ಇನ್ನೊಂದು ಪ್ರತಿ ತರಿಸಿದೆ, ಬೇರೆ ಕಡೆಯಿಂದ. ನಾಲ್ಕು ಮೂಲೆಯೂ ನೆಟ್ಟಗಿವೆ. ಅದು ಅಣ್ಣನಿಗೆ.