ಉಪನ್ಯಾಸವೋ, ಸಮಸ್ಯೆ ಆಧಾರಿತ ಕಲಿಕೆಯೋ?

ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವವರು ಪಠ್ಯಕ್ರಮದಷ್ಟೇ ಶ್ರದ್ಧೆಯಿಂದ ಬೋಧನಾ ಕ್ರಮವನ್ನೂ ಪರಿಶೀಲಿಸಬೇಕು. ಉಪನ್ಯಾಸ ಪದ್ಧತಿಯಲ್ಲಿ ಏನನ್ನು, ಯಾವ ಅನುಕ್ರಮದಲ್ಲಿ ಓದಬೇಕೆಂಬುದನ್ನು ಅಧ್ಯಾಪಕರೇ ನಿರ್ಧರಿಸುತ್ತಾರೆ. ಟಿಪ್ಪಣಿ ಬರೆದುಕೊಂಡು ಪರೀಕ್ಷೆಗೆ ಸಿದ್ಧರಾಗುವುದು ಹೆಚ್ಚಿನವರಿಗೆ ಶಾಲೆಯಿಂದಲೇ ರೂಢಿ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯವು ವೈದ್ಯಕೀಯ ಶಿಕ್ಷಣದಲ್ಲಿ 1969ರಲ್ಲಿ ಆರಂಭಿಸಿದ, ಮುಂದೆ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯವು ಇತರ ವಿಷಯಗಳಿಗೂ ವಿಸ್ತರಿಸಿದ ಸಮಸ್ಯೆ ಆಧಾರಿತ ಕಲಿಕೆಯ ದಾರಿಯೇ ಬೇರೆ. ಉಸಿರಾಟದ ತೊಂದರೆಯಿಂದ ಬಂದ ರೋಗಿಯೊಬ್ಬರ ವಿವರವಿರುವ ಹಾಳೆಯನ್ನು ಸಣ್ಣ ಗುಂಪಿನ ಮುಂದಿಟ್ಟರೆ, ವಿದ್ಯಾರ್ಥಿಗಳು ಗೊತ್ತಿರುವುದನ್ನು ಹಂಚಿಕೊಂಡು, ಗೊತ್ತಿಲ್ಲದ್ದನ್ನು ಪ್ರಶ್ನೆಗಳಾಗಿ ಬರೆದು, ತಾವೇ ಓದಿ ಉತ್ತರ ಕಂಡುಕೊಂಡು ಮುಂದಿನ ಭೇಟಿಯಲ್ಲಿ ಚರ್ಚಿಸುತ್ತಾರೆ. ಬೋಧಕರು ಜೊತೆಗಿದ್ದರೂ ಸಿದ್ಧ ಉತ್ತರ ಕೊಡುವುದಿಲ್ಲ.

ಹೊಸಬರಿಗೆ ಆರಂಭದಲ್ಲಿ ಏನನ್ನೂ ಕಲಿಯುತ್ತಿಲ್ಲವೆಂಬ ಆತಂಕ ಕಾಡುವುದು ಸಹಜ. ಅದನ್ನು ಪೂರ್ತಿ ನಂಬಬಾರದು. ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದಕ್ಕೆ ಹತ್ತಿರವಾದ ಸಕ್ರಿಯ ಕಲಿಕೆಯಲ್ಲಿ ತೊಡಗಿದ್ದವರು ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರೂ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿದ್ದರು.

ಆದರೂ ವಿಷಯದ ಬುನಾದಿ ಇನ್ನೂ ಗಟ್ಟಿಯಾಗಿಲ್ಲದವರಿಗೆ, ಬೋಧನೆಯ ಭಾಷೆಯಲ್ಲಿ ಮಾತನಾಡಲು ತಡವರಿಸುವವರಿಗೆ ಉಪನ್ಯಾಸವೇ ಸುರಕ್ಷಿತ ಆರಂಭವೆಂಬುದು ನನ್ನ ಅಭಿಪ್ರಾಯ. ಪ್ರತಿ ಭೇಟಿಗೂ ತಪ್ಪದೆ ಓದಿಕೊಂಡು ಬರುವ ಶಿಸ್ತು ಇರುವವರು ಎರಡನೆಯದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು; ಒಬ್ಬರು ಓದದೆ ಬಂದರೂ ಇಡೀ ಗುಂಪಿನ ಚರ್ಚೆ ಸೊರಗುತ್ತದೆ. ಸೇರುವ ಮುನ್ನ ಗುಂಪಿನ ಗಾತ್ರವನ್ನೂ ಮೌಲ್ಯಮಾಪನದ ವಿಧಾನವನ್ನೂ ಅಲ್ಲಿನ ವಿದ್ಯಾರ್ಥಿಗಳಿಂದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.